ಕೂಡ್ರಿಸುವ ಮುಂಚೆ ಕರಗಿಸುವ ಲೆಕ್ಕ

ಈ ಸಲ ಮನೆಯಲ್ಲಿ ಮಣ್ಣೆತ್ತು ಮಾಡಿದವರು ಕೈ ಎತ್ತಿ ನೋಡೋಣ. ಅರ್ಧ ಸಭೆ ಎತ್ತಿತು. ಈಗ ಅವರಲ್ಲಿ ಗಣಪನನ್ನೂ ಮನೆಯಲ್ಲೇ ಮಾಡುವವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ. ಹಿಂದಿನ ಸಾಲಿನಲ್ಲಿ ಕೆಲವರು ಉಳಿದರು, ಅಷ್ಟೇ. ಅದೇ ಕೈ, ಅದೇ ಎರಿಮಣ್ಣು. ಎತ್ತಿಗೆ ಬರುವ ಧೈರ್ಯ ಗಣಪನಿಗೆ ಯಾಕೆ ಬರುವುದಿಲ್ಲ?

ನಮ್ಮ ಭಾಗದ ಮಳೆಗಾಲದ ಹಬ್ಬಗಳನ್ನು ಸಾಲಾಗಿ ನೆನಪು ಮಾಡಿಕೊಳ್ಳಿ. ಕಾರಹುಣ್ಣಿಮೆ ಆದ ಹದಿನೈದು ದಿನಕ್ಕೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅಷ್ಟಮಿಯಿಂದ ಹುಣ್ಣಿಮೆವರೆಗೆ ಜೋಕುಮಾರ. ಐದೂ ಹಸಿಮಣ್ಣಿನ ದೇವರು, ಒಂದನ್ನೂ ಆವಿಗೆಯಲ್ಲಿ ಸುಡುವುದಿಲ್ಲ. ಈ ಐವರಲ್ಲಿ ಅಂಗಡಿಗೆ ಹೋಗಿ ಎತ್ತರ ಬೆಳೆದು ಮಿಂಚುವ ಬಣ್ಣ ಬಳಿಸಿಕೊಂಡವನು ಗಣಪ ಒಬ್ಬನೇ. ಉಳಿದ ನಾಲ್ವರ ವಿಸರ್ಜನೆ ಬಗ್ಗೆ ಯಾವ ಇಲಾಖೆಯೂ ಸುತ್ತೋಲೆ ಹೊರಡಿಸುವ ಪ್ರಸಂಗ ಬಂದಿಲ್ಲ, ಗಮನಿಸಿ.

ಹಬ್ಬದ ತಯಾರಿಯನ್ನು ನಾವು ಮಂಟಪದಿಂದ ಶುರು ಮಾಡುತ್ತೇವೆ. ನಾನು ಕೊನೆಯ ದಿನದಿಂದ ಶುರು ಮಾಡುತ್ತೇನೆ. ಮನೆಯ ಗಣಪ ಒಂದು ಬಕೆಟ್ ನೀರಿನಲ್ಲಿ ಒಂದು ರಾತ್ರಿಗೆ ಪೂರ್ತಿ ಕೆಸರಾಗಬೇಕು. ಇದೊಂದನ್ನು ಗಟ್ಟಿ ಮಾಡಿಕೊಂಡರೆ ಮಣ್ಣು ಯಾವುದು, ಬಣ್ಣ ಯಾವುದು, ಎಷ್ಟೆತ್ತರ, ಯಾವತ್ತು ಕೆಲಸ ಶುರು ಮಾಡಬೇಕು, ಎಲ್ಲಾ ತಾನಾಗಿ ತೀರ್ಮಾನವಾಗುತ್ತದೆ.

ಬಕೆಟ್ ಯಾಕೆ? ನಮ್ಮ ಊರುಗಳಲ್ಲಿ ಹೊಳೆ ಇಲ್ಲ, ಅದಕ್ಕೆ. ಶಾಲ್ಮಲೆ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುತ್ತಾಳೆ ಅಂತ ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಊರಿನ ಗಣಪಗಳನ್ನೆಲ್ಲಾ ಒಯ್ಯುವಷ್ಟು ನೀರು ಅಲ್ಲಿಲ್ಲ. ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ, ಗದಗಿಗೆ ಭೀಷ್ಮ ಕೆರೆ, ಹಾವೇರಿಗೆ ಹೆಗ್ಗೇರಿ. ಜೊತೆಗೆ ಓಣಿ ಓಣಿಯ ಹಳೆಯ ಬಾವಿಗಳು. ಎಲ್ಲಾ ನಿಂತ ನೀರು. ಹೊಳೆಗೆ ಬಿದ್ದದ್ದು ಒಳ್ಳೆಯದೋ ಕೆಟ್ಟದ್ದೋ ಮುಂದಕ್ಕೆ ಹೋಗುತ್ತದೆ. ಬಾವಿಗೆ ಬಿದ್ದದ್ದಕ್ಕೆ ಹೊರದಾರಿಯೇ ಇಲ್ಲ. ಮಣ್ಣಿನ ಗಣಪನಾದರೂ ಸಾವಿರಗಟ್ಟಲೆ ಬಿದ್ದರೆ ಹೂಳು ಹೂಳೇ. ಅದರ ಜೊತೆ ಹೂವು, ಪತ್ರಿ, ನೈವೇದ್ಯ ಬಿದ್ದು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಮೀನು ಮೇಲೆ ಬಂದು ಬಾಯಿ ಬಿಡುವುದು ಆವಾಗಲೇ.

ಪಿಒಪಿ ವಿಷಯ ನಿಮಗೆ ಗೊತ್ತಿರುವುದೇ, ಆದರೆ ಅದು ಯಾಕೆ ಕರಗುವುದಿಲ್ಲ ಅನ್ನುವುದನ್ನು ಅಂಕಿಯಲ್ಲಿ ನೋಡೋಣ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲು ಹಾರಿಸಿದರೆ ಸಿಗುವ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಪಿಒಪಿ. ನೀರು ಕಲಸಿ ಅಚ್ಚಿಗೆ ಹಾಕಿದ ಕೂಡಲೇ ಅದು ಮತ್ತೆ ಜಿಪ್ಸಂ ಆಗಿ ಬಿಗಿಯುತ್ತದೆ. ಅಂದರೆ ನೀವು ಪೂಜಿಸುತ್ತಿರುವುದು ಕಲ್ಲನ್ನೇ. ಒಂದು ಲೀಟರ್ ನೀರು ಕರಗಿಸಿಕೊಳ್ಳುವುದು ಎರಡರಿಂದ ಎರಡೂವರೆ ಗ್ರಾಂ ಜಿಪ್ಸಂ ಮಾತ್ರ. 3 ಕಿಲೋ ಮೂರ್ತಿಯನ್ನು 20 ಲೀಟರ್ ಬಕೆಟ್‌ಗೆ ಇಳಿಸಿದರೆ ಹೆಚ್ಚೆಂದರೆ 50 ಗ್ರಾಂ ಹೋಗುತ್ತದೆ, ಉಳಿದದ್ದು ಕುಳಿತಿರುತ್ತದೆ. ಪೂರ್ತಿ ಕರಗಿಸಲು 1,200 ಲೀಟರ್ ನೀರಾದರೂ ಬೇಕು. ಮೇಲೆ ಎಣ್ಣೆ ಬಣ್ಣ ಬಳಿದಿದ್ದರೆ ಅಷ್ಟೂ ಆಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಸರ್ಜನಾ ಮಾರ್ಗಸೂಚಿ 2010ರಲ್ಲೇ ಬಂತು, 2020ರಲ್ಲಿ ಪರಿಷ್ಕರಣೆಯಾಗಿ ಇನ್ನೂ ಬಿಗಿಯಾಯಿತು. ಕಾನೂನಿನ ಮಾತು ಇಷ್ಟು ಸಾಕು, ಮಣ್ಣಿಗೆ ಬರೋಣ.

ಮಣ್ಣೆತ್ತಿಗೂ ಗಣಪನಿಗೂ ವ್ಯತ್ಯಾಸ ಗಾತ್ರದ್ದು. ಮುಷ್ಟಿಗಾತ್ರದ ಎತ್ತು ಎರಡೇ ದಿನಕ್ಕೆ ಒಣಗುತ್ತದೆ, ಸೀಳುವುದೂ ಕಡಿಮೆ. ಅದೇ ಮಣ್ಣಿನಲ್ಲಿ ಗೇಣುದ್ದದ ಗಣಪನನ್ನು ಮಾಡಿದರೆ ಮೂರನೇ ದಿನ ಹೊಟ್ಟೆಯ ಮೇಲೆ ಅಡ್ಡ ಸೀಳು. ನವಲಗುಂದ, ನರಗುಂದ, ರೋಣದ ಎರಿ ಹೊಲಗಳಲ್ಲಿ ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬೀಳುವುದು ನೋಡಿದ್ದೀರಲ್ಲ, ಅದೇ ಗುಣ ಇದು. ಎರಿಮಣ್ಣಿನ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗುವಾಗ ಅಷ್ಟೇ ಕುಗ್ಗುತ್ತವೆ. ಕಲಘಟಗಿ ಕಡೆಯ ಕೆಂಪು ಮಸಾರಿ ಮಣ್ಣು ಇದರ ತದ್ವಿರುದ್ಧ: ಸೀಳುವುದು ಕಡಿಮೆ, ಅಂಟೂ ಕಡಿಮೆ, ಸೊಂಡಿಲು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಸಲೀಸು ಕುಂಬಾರ ಓಣಿಯಲ್ಲಿ ಗಡಿಗೆಗೆ ಕಲಸಿಟ್ಟ ಮಣ್ಣು. ಕಲ್ಲು ತೆಗೆದು, ಕೊಳೆಸಿ, ತುಳಿದು ಹದ ಮಾಡಿದ್ದು ಅದು. ದುಡ್ಡು ಕೊಟ್ಟು ತನ್ನಿ. ಕೆರೆ ಏರಿಯಿಂದ ಅಗೆದು ತರಬೇಡಿ, ಚರಂಡಿ ನೀರು ಸೇರುವ ಕೆರೆಯ ಅಂಗಳದಿಂದಂತೂ ಬೇಡವೇ ಬೇಡ.

ಹೊಲದ ಎರಿಮಣ್ಣೇ ಬೇಕೆಂದರೆ ಹೀಗೆ ಮಾಡಿ. ಒಣ ಹೆಂಟೆಗಳನ್ನು ಕುಟ್ಟಿ ಸಾಣಿಗೆಯಲ್ಲಿ ಹಿಡಿಯಿರಿ. ತಗಡಿನ ಬುಟ್ಟಿಯಲ್ಲಿ ಮಣ್ಣು ಹಾಕಿ ಅದು ಮುಳುಗುವಷ್ಟು ನೀರು ಬಿಟ್ಟು ಎರಡು ರಾತ್ರಿ ಕೈ ಹಚ್ಚಬೇಡಿ. ಮೇಲಿನ ನೀರು ಬಸಿದು, ಗೋಣಿಚೀಲದ ಮೇಲೆ ಹರವಿ, ಕೈಗೆ ಮೆತ್ತದ ಹದಕ್ಕೆ ಬಂದ ಮೇಲೆ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ಸೇರಿಸಿ ನಾದಿ. ಉಸುಕು ಕುಗ್ಗುವುದಿಲ್ಲ, ಹಾಗಾಗಿ ಒಟ್ಟು ಕುಗ್ಗುವುದನ್ನು ತಡೆಯುತ್ತದೆ. ಆಮೇಲೆ ಅರಳೆ: 3 ಕಿಲೋ ಮಣ್ಣಿಗೆ 20-25 ಗ್ರಾಂ, ಎಳೆ ಎಳೆಯಾಗಿ ಬಿಡಿಸಿ ಸ್ವಲ್ಪಸ್ವಲ್ಪವೇ ಸೇರಿಸಬೇಕು. ಮುದ್ದೆಯಾಗಿ ಹಾಕಿದರೆ ಆ ಜಾಗದಲ್ಲೇ ಮಣ್ಣು ಕಿತ್ತು ಬರುತ್ತದೆ. ಹತ್ತಿ ಬೆಳೆಯುವ ನಾಡು ನಮ್ಮದು, ಅರಳೆಗೆ ಬರ ಇಲ್ಲ. ಹದ ಜೋಳದ ರೊಟ್ಟಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಬೆರಳು ದಪ್ಪದ ಹುರಿ ಮಾಡಿ ಹೆಬ್ಬೆರಳಿಗೆ ಸುತ್ತಿ ನೋಡಿ; ಒಡೆದರೆ ನೀರು ಕಡಿಮೆ, ಕೈಗೆ ಮೆತ್ತಿದರೆ ಹೆಚ್ಚು.

ಇಡೀ ಗಣಪನನ್ನು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಬೆರಳು ದಪ್ಪದ ಪಟ್ಟಿ ಮಾಡಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಕೊರೆದು ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಗೆರೆಗಳ ಅಂತರ 9 ಸೆಂಟಿಮೀಟರ್‌ಗಿಂತ ಕಡಿಮೆಯಾಗಿದ್ದರೆ ಉಸುಕು ಇನ್ನೂ ಬೇಕು. ಅದೇ ಪಟ್ಟಿಯನ್ನು ಒಂದು ಚರಿಗೆ ನೀರಿಗೆ ಹಾಕಿ. ಅಲುಗಾಡಿಸದೆ ತಾನೇ ಉದುರಿ ಕೆಳಗೆ ಕುಳಿತರೆ ವಿಸರ್ಜನೆಯ ಚಿಂತೆ ಅಲ್ಲಿಗೇ ಮುಗಿಯಿತು.

ಎತ್ತರ ಎಷ್ಟು? ಆರು ಇಂಚಿಗೆ ಸುಮಾರು ಒಂದು ಕಿಲೋ ಹಸಿಮಣ್ಣು, ಒಂಬತ್ತು ಇಂಚಿಗೆ ಮೂರು ಕಿಲೋ. ಎತ್ತರ ಒಂದೂವರೆ ಪಟ್ಟು ಆದರೆ ಮಣ್ಣು ಮೂರು ಪಟ್ಟಿಗಿಂತ ಹೆಚ್ಚು ಆಗುತ್ತದೆ, ಒಣಗುವ ದಿನಗಳೂ ಏರುತ್ತವೆ. ಮೊದಲ ಸಲದವರು ಆರು ಇಂಚು ದಾಟಬೇಡಿ. ದೊಡ್ಡ ಗಣಪ ಬೇಕೆನ್ನುವವರಿಗೆ ಓಣಿಯ ಗಣಪ ಇದ್ದೇ ಇದ್ದಾನೆ.

ಹಲಗೆಯ ಮೇಲೆ ಹಳೆಯ ಪೇಪರ್ ಹಾಸಿ ಅದರ ಮೇಲೆ ಕೆಲಸ ಮಾಡಿ. ಮಣ್ಣು ಕುಗ್ಗುವಾಗ ತಳ ಒಳಕ್ಕೆ ಸರಿಯಬೇಕು. ಹಲಗೆಗೇ ಮೆತ್ತಿಕೊಂಡರೆ ಸರಿಯಲು ಆಗದೆ ತಳ ಸೀಳುತ್ತದೆ. ಮೊದಲು ಪೀಠ, ಅದರ ಮೇಲೆ ಹೊಟ್ಟೆ ಮತ್ತು ಎದೆ ಒಂದೇ ಮುದ್ದೆಯಲ್ಲಿ, ಆಮೇಲೆ ಮಡಿಚಿದ ಕಾಲು, ತಲೆ, ಕೈ, ಕಿವಿ, ಕೊನೆಗೆ ಕಿರೀಟ. ಒಂದಕ್ಕೊಂದು ಜೋಡಿಸುವಲ್ಲಿ ಎರಡೂ ಕಡೆ ಕಡ್ಡಿಯಿಂದ ಗೀಚಿ, ನೀರುಮಣ್ಣಿನ ಬಗ್ಗಡ ಹಚ್ಚಿ, ಒತ್ತಿ, ಕೂಡಿದ ಗೆರೆಯ ಮೇಲೆ ಸಣ್ಣ ಹುರಿ ಇಟ್ಟು ಸವರಬೇಕು. ಬರೀ ನೀರು ಹಚ್ಚಿ ಅಂಟಿಸಿದ ಕೈ ಒಣಗಿದ ಮೇಲೆ ಕಳಚಿ ಬೀಳುವುದು ಖಾತ್ರಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಗಟ್ಟಿಯಾಗಲಿ ಅಂತ ಸೊಂಡಿಲಿನೊಳಗೆ, ಕೈಯೊಳಗೆ ಅಗರಬತ್ತಿ ಕಡ್ಡಿಯನ್ನೋ ತಂತಿಯನ್ನೋ ಇಡುತ್ತಾರೆ. ಕಡ್ಡಿ ಕುಗ್ಗುವುದಿಲ್ಲ, ಸುತ್ತಲಿನ ಮಣ್ಣು ಕುಗ್ಗುತ್ತದೆ. ಒಣಗುತ್ತಾ ಮಣ್ಣು ಕಡ್ಡಿಯುದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಸೊಂಡಿಲನ್ನು ಹೊಟ್ಟೆಗೆ ಆನಿಸಿಬಿಡಿ, ಕೈಗಳನ್ನು ಮೈಗೆ ಅಥವಾ ತೊಡೆಗೆ ತಾಗಿಸಿ. ಕಿವಿಯ ಬುಡ ದಪ್ಪ, ಅಂಚು ತೆಳು. ಗಾಳಿಯಲ್ಲಿ ಚಾಚಿದ ಕೈ, ಎತ್ತಿದ ಕಾಲು, ನಾಟ್ಯಭಂಗಿ ಎಲ್ಲಾ ಅಚ್ಚಿನ ಗಣಪನಿಗೆ ಬಿಡಿ. ಹಳೆಯ ಮಣ್ಣಿನ ಗಣಪಗಳು ಗಡದ್ದಾಗಿ ಕುಳಿತಿರುವುದು ಮಣ್ಣಿನ ಸ್ವಭಾವ ತಿಳಿದವರು ಮಾಡಿದ್ದರಿಂದ.

ಮಾರನೇ ದಿನ, ಒತ್ತಿದರೆ ಬೆರಳಚ್ಚು ಮೂಡದ, ಆದರೆ ಉಗುರಿನಿಂದ ಗೀರಬಹುದಾದ ಹದಕ್ಕೆ ಬಂದಾಗ ಗಣಪನನ್ನು ಮೆತ್ತಗಿನ ಬಟ್ಟೆಯ ಮೇಲೆ ಮಲಗಿಸಿ, ತಳದಿಂದ ಚಮಚೆಯಲ್ಲಿ ಒಳಗಿನ ಮಣ್ಣು ಕೆರೆದು ತೆಗೆಯಿರಿ. ಗೋಡೆ ಹೆಬ್ಬೆರಳು ದಪ್ಪ ಉಳಿಯಲಿ. ಒಳಗೂ ಹೊರಗೂ ಒಂದೇ ಸಮ ಒಣಗಿದರೆ ಸೀಳುವ ಮಾತೇ ಕಡಿಮೆ. ಕರಗುವಾಗಲೂ ನೀರು ಎರಡೂ ಕಡೆಯಿಂದ ನುಗ್ಗುತ್ತದೆ. ಹೀಗೆ ಟೊಳ್ಳು ಮಾಡಿದ ಗಣಪ ಭಿನ್ನವಾದಂತೆ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಾಣಪ್ರತಿಷ್ಠೆಗೆ ಮುಂಚಿನ ಕೆಲಸವೆಲ್ಲಾ ಮಣ್ಣಿನ ಕೆಲಸವೇ.

ಒಣಗಿಸುವುದಕ್ಕೆ ಅವಸರ ಬೇಡ. ಮೊದಲ ದಿನ ಹಸಿಬಟ್ಟೆ ಹೊದಿಸಿ, ಕಿವಿ ಮತ್ತು ಕಿರೀಟದ ತುದಿಗೆ ಇನ್ನೊಂದು ದಿನ ಹಾಗೇ ಬಿಡಿ. ತೆಳುವಾದದ್ದು ಬೇಗ ಒಣಗಿ ದಪ್ಪದಿಂದ ಕಿತ್ತುಕೊಳ್ಳುತ್ತದೆ. ಬಿಸಿಲು ಬೇಡ, ಫ್ಯಾನ್ ಬೇಡ, ಒಲೆಯ ಹತ್ತಿರ ಬೇಡ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂಬತ್ತು ಇಂಚಿನ ಗಣಪನಿಗೆ ಹತ್ತು ದಿನ ಹಿಡಿದರೂ ಆಶ್ಚರ್ಯವಿಲ್ಲ, ಗದಗಿನ ಒಣಗಾಳಿಯಲ್ಲಿ ವಾರ ಸಾಕಾದೀತು. ಆದ್ದರಿಂದ ಚೌತಿಗೆ ಹದಿನೈದು ದಿನ ಮುಂಚೆ ಮಣ್ಣಿಗೆ ಕೈ ಹಚ್ಚಿ. ಒಣಗಿತೋ ಇಲ್ಲವೋ ತಿಳಿಯಲು ತಳವನ್ನು ಕೆನ್ನೆಗೆ ತಾಗಿಸಿ; ತಣ್ಣಗಿದ್ದರೆ ಒಳಗೆ ಇನ್ನೂ ಹಸಿ. ಅಡುಗೆಮನೆಯ ತಕ್ಕಡಿ ಇದ್ದರೆ ದಿನಾ ತೂಗಿ, ಎರಡು ದಿನ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ. ಬಿರುಕು ಬಿಟ್ಟರೆ ನೀರುಮಣ್ಣು ತುಂಬಬೇಡಿ, ಅದು ಕುಗ್ಗಿ ಮತ್ತೆ ಬಾಯಿ ಬಿಡುತ್ತದೆ. ಬಿರುಕಿಗೆ ನೀರು ಚಿಮುಕಿಸಿ, ಅರಳೆ ಸೇರಿಸಿದ ಗಟ್ಟಿ ಮಣ್ಣನ್ನು ಕಡ್ಡಿಯಿಂದ ಒಳಗೆ ಗಿಡಿದು ಮೇಲೆ ಸವರಿ.

ಈ ಒಣಗುವಿಕೆಗೆ ಇಷ್ಟು ಹೊತ್ತು ಕೊಡುತ್ತಿರುವುದಕ್ಕೆ ಕಾರಣ ಇದೆ. ಪೂರ್ತಿ ಒಣಗಿದ ಹಸಿಮಣ್ಣು ನೀರಿಗೆ ಬಿದ್ದ ಕೂಡಲೇ ಕುಸಿಯುತ್ತದೆ, ಅರೆಬರೆ ಒಣಗಿದ್ದು ದಿನಗಟ್ಟಲೆ ಮುದ್ದೆಯಾಗಿಯೇ ಇರುತ್ತದೆ. ಒಣಮಣ್ಣಿನ ಸಣ್ಣ ರಂಧ್ರಗಳಲ್ಲಿ ಗಾಳಿ ತುಂಬಿರುತ್ತದೆ. ನೀರು ಒಳನುಗ್ಗಿ ಆ ಗಾಳಿಯನ್ನು ಒತ್ತಿದಾಗ ಅದು ಪದರು ಪದರಾಗಿ ಮಣ್ಣನ್ನು ಎಬ್ಬಿಸಿ ಉದುರಿಸುತ್ತದೆ. ಹಸಿ ಇದ್ದಲ್ಲಿ ರಂಧ್ರದಲ್ಲಿ ಮೊದಲೇ ನೀರಿದೆ, ನೂಕುವವರು ಯಾರು? ಹಬ್ಬದ ಹಿಂದಿನ ದಿನ ಮಾಡಿದ ಗಣಪ ಬಕೆಟ್‌ನಲ್ಲಿ ಕರಗಲಿಲ್ಲ ಎಂಬ ದೂರಿಗೆ ಉತ್ತರ ಇದೇ. ಇದೇ ಕಾರಣಕ್ಕೆ ಅಭಿಷೇಕವನ್ನು ಮೂರ್ತಿಗೆ ಮಾಡಬೇಡಿ, ಬಟ್ಟಲಲ್ಲಿ ಅಡಿಕೆ ಗಣಪನನ್ನೋ ಬೆಳ್ಳಿಯ ಸಣ್ಣ ಗಣಪನನ್ನೋ ಇಟ್ಟು ಅದಕ್ಕೆ ಮಾಡಿ. ಮಣ್ಣಿನ ಗಣಪನಿಗೆ ಹೂವಿನಿಂದ ಪ್ರೋಕ್ಷಣೆ ಸಾಕು.

ಬಣ್ಣ. ಎರಿಮಣ್ಣಿನ ಕಪ್ಪು ಗಣಪನಿಗೆ ಬಣ್ಣವೇ ಬೇಡ ಎಂಬುದು ನನ್ನ ಅಭಿಪ್ರಾಯ. ದಂತಕ್ಕೂ ಕಣ್ಣಿಗೂ ಬಿಳಿ, ಕಣ್ಣಗುಡ್ಡೆಗೆ ಕಾಡಿಗೆ, ಹಣೆಗೆ ಕುಂಕುಮ, ಹೆಗಲಿಗೆ ಒಂದು ತುಂಡು ಶಲ್ಯ. ಅಷ್ಟಕ್ಕೇ ಕಳೆ ಬರುತ್ತದೆ. ಬಣ್ಣ ಬೇಕೇ ಬೇಕೆಂದರೆ ಕೆಂಪಿಗೆ ಹುರಮಂಜು, ಬಿಳಿಗೆ ತಿಳಿಸುಣ್ಣ, ಹಳದಿಗೆ ಅರಿಷಿಣ. ಅಂಟಿನ ಉಂಡಿಗೆ ಹಾಕುವ ಅಂಟನ್ನು ಒಂದು ಚಮಚೆಯಷ್ಟು ಅರ್ಧ ಕಪ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಬಣ್ಣಕ್ಕೆ ಬೆರೆಸಿದರೆ ಕೈಗೆ ಹತ್ತುವುದಿಲ್ಲ. ಅಂಟು ಹೆಚ್ಚಾದರೆ ಪೊರೆಗಟ್ಟಿ ಸಿಪ್ಪೆ ಏಳುತ್ತದೆ, ಕರಗುವುದೂ ತಡ. ಇನ್ನೊಂದು ಎಡವಟ್ಟು: ಸುಣ್ಣದ ಮೇಲೆ ಅರಿಷಿಣ ಬಳಿದು ಪೀತಾಂಬರ ಉಡಿಸಲು ಹೋಗಬೇಡಿ. ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ, ಆರತಿಯ ಓಕುಳಿ ಮಾಡುವವರಿಗೆ ಹೇಳಿಕೊಡಬೇಕಾದ ಸಂಗತಿ ಅಲ್ಲ. ಪೀತಾಂಬರದ ಜಾಗಕ್ಕೆ ತೆಳು ಅಕ್ಕಿಹಿಟ್ಟಿನ ಗಂಜಿ ಬಳಿದು ಒಣಗಿಸಿ ಅದರ ಮೇಲೆ ಅರಿಷಿಣ ಹಚ್ಚಿ. ಹಬ್ಬದ ಹಿಂದಿನ ದಿನವೇ ಹಚ್ಚಿ. ಮೊದಲೇ ಹಚ್ಚಿಟ್ಟರೆ ಈ ತಂಪಿಗೆ ಗಂಜಿಗೆ ಬೂಸು ಬರುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಅಂಗಡಿಯವರು ಎಲ್ಲವನ್ನೂ ಮಣ್ಣಿನದೇ ಅನ್ನುತ್ತಾರೆ. ಮೂರ್ತಿ ಎತ್ತಿ ತಳ ನೋಡಿ, ಒದ್ದೆ ಬೆರಳಿನಿಂದ ಅಲ್ಲಿ ಜೋರಾಗಿ ಉಜ್ಜಿ. ಮಣ್ಣಾದರೆ ಬೆರಳಿಗೆ ಲೊಳಲೊಳ ಕೆಸರು ಹತ್ತುತ್ತದೆ, ಪಿಒಪಿ ಆದರೆ ಬಿಳಿಪುಡಿ ಹತ್ತಬಹುದು ಆದರೆ ಅಂಟಾಗುವುದಿಲ್ಲ. ತಳಕ್ಕೂ ಬಣ್ಣ ಬಳಿದಿದ್ದರೆ ಕೊಳ್ಳಬೇಡಿ. ಬೀಜದ ಗಣಪ ಎಂದು ಮಾರುವುದೂ ಶುರುವಾಗಿದೆ. ಆಲೋಚನೆ ಚೆನ್ನಾಗಿದೆ, ಆದರೆ ಹಸಿಮಣ್ಣಿನೊಳಗೆ ಹಾಕಿದ ಬೀಜ ಒಣಗುವ ಮೊದಲೇ ಮೊಳೆತು ಸತ್ತಿರುತ್ತದೆ, ಬದುಕಿದ್ದರೂ ಕರಗಿದ ಜೇಡಿ ಕುಂಡದ ಮೇಲೆ ಹೆಪ್ಪುಗಟ್ಟಿ ಮೊಳಕೆಯನ್ನು ಮೇಲೆ ಬಿಡುವುದಿಲ್ಲ. ಬೀಜವನ್ನು ಪೊಟ್ಟಣದಲ್ಲಿಟ್ಟು ಪೂಜಿಸಿ, ಆಮೇಲೆ ಬೇರೆ ಬಿತ್ತುವುದು ಮೇಲು.

ಮಂಟಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ, ಆದರೂ ಚೌತಿಗೆ ಅಲ್ಲಲ್ಲಿ ಕಾಣಿಸುತ್ತದೆ. ಹಿಂದೆ ಒಂದು ಇಳಕಲ್ ಸೀರೆ ಇಳಿಬಿಟ್ಟರೆ ಅದಕ್ಕಿಂತ ಚೆಂದದ ಪರದೆ ಇಲ್ಲ. ಎರಡು ಕಡೆ ಬಾಳೆ ಅಥವಾ ಕಬ್ಬು, ಮೇಲೆ ಮಾವಿನ ತೋರಣ. ಮಾಲೆ ವರ್ಷವರ್ಷ ಬಳಸುವಂತಿರಲಿ ಅನ್ನುವವರಿಗೆ ಹಾವೇರಿಯ ಏಲಕ್ಕಿ ಹಾರ ಇದೆ. ಹಬ್ಬ ಮುಗಿದ ಮೇಲೆ ಒಣ ಡಬ್ಬಿಯಲ್ಲಿಡಿ. ದೀಪದ ಸಮೆ ಮೂರ್ತಿಯಿಂದ ಒಂದು ಮೊಳ ದೂರ ಇರಲಿ, ಒಂದೇ ಕಡೆ ಬಿಸಿ ತಾಗಿದರೆ ಮಣ್ಣು ಬಿರಿಯುತ್ತದೆ.

ವಿಸರ್ಜನೆಯ ದಿನ. ಜ್ಯೇಷ್ಠಾಗೌರಿಯ ಜೊತೆ ಕಳಿಸುವವರಿರಲಿ, ಐದನೇ ದಿನದವರಿರಲಿ, ಕ್ರಮ ಒಂದೇ. ಉತ್ತರಪೂಜೆ ಮುಗಿಸಿ, ಅಕ್ಷತೆ ಹಾಕಿ, ಮೂರ್ತಿಯನ್ನು ಸ್ವಲ್ಪ ಕದಲಿಸಿ. ಹಾರ, ಗೆಜ್ಜೆವಸ್ತ್ರ, ಜನಿವಾರ, ಶಲ್ಯ, ಕರಕಿ ಎಲ್ಲಾ ತೆಗೆಯಿರಿ. ತೊಳೆದು ಬಳಿದ ಹಿತ್ತಲಲ್ಲಿ 20 ಲೀಟರ್ ಬಕೆಟ್ ಇಟ್ಟು ಮುಕ್ಕಾಲು ನೀರು ತುಂಬಿ ರಂಗೋಲಿ ಹಾಕಿ. ಬಕೆಟ್ ಮನಸ್ಸಿಗೆ ಒಗ್ಗದಿದ್ದರೆ ತಾಮ್ರದ ಹಂಡೆ ಇಡಿ. ಬಾಯಿ ಅಗಲ ಇರಲಿ, ಮೂರ್ತಿ ಮುಳುಗಲಿ. ಎರಡೂ ಕೈಯಲ್ಲಿ ತಳ ಹಿಡಿದು ನಿಧಾನ ಇಳಿಸಿ ಬಿಟ್ಟುಬಿಡಿ. ಕೈ ಹಾಕಿ ಕಲಕಬೇಡಿ, ಕಲಕಿದರೆ ಸಡಿಲಾಗುತ್ತಿದ್ದ ಮಣ್ಣು ಮತ್ತೆ ಮುದ್ದೆಯಾಗುತ್ತದೆ. ಮಕ್ಕಳಿಗೆ ಗುಳ್ಳೆ ಏಳುವುದನ್ನು ನೋಡಲು ಹೇಳಿ. ಸ್ವಲ್ಪ ಹೊತ್ತಿಗೆ ಕಿವಿ, ಕೈ ಬೀಳುತ್ತವೆ, ಬೆಳಗಾಗುವುದರೊಳಗೆ ಕೆಸರು. ಅಜ್ಜಿಯರು ಕೈಕಾಲು ಬಿದ್ದದ್ದನ್ನು ನೋಡಬಾರದು ಅಂದರೆ ಮೇಲೆ ಒಂದು ಬಾಳೆಎಲೆ ಮುಚ್ಚಿ.

ಆ ನೀರನ್ನು ಮೋರಿಗೆ, ಶೌಚಾಲಯಕ್ಕೆ ಸುರಿಯಬೇಡಿ. ಪೈಪಿನ ತಿರುವಿನಲ್ಲಿ ಜೇಡಿ ಕುಳಿತರೆ ತೆಗೆಯುವುದು ಕಷ್ಟ. ತೆಂಗಿನ ಮರದ ಪಾತಿಗೋ ದಾಸವಾಳದ ಬುಡಕ್ಕೋ ತೆಳ್ಳಗೆ ಹರಡಿ, ಒಣಗಿದ ಮೇಲೆ ಕುರ್ಪಿಯಿಂದ ಕೆದಕಿ ಬೆರೆಸಿ. ಕುಂಡಕ್ಕೆ ಹಾಕುವುದಾದರೆ ಗೊಬ್ಬರದ ಜೊತೆ ಕಲಸಿಯೇ ಹಾಕಿ.

ಈಗಾಗಲೇ ಪಿಒಪಿ ಗಣಪ ಮನೆಗೆ ಬಂದಾಗಿದೆ, ಏನು ಮಾಡುವುದು ಎಂದು ಮುಂದಿನ ಸಾಲಿನಿಂದ ಪ್ರಶ್ನೆ ಬಂದಿದೆ. ಪಾಲಿಕೆ ಇಡುವ ವಿಸರ್ಜನಾ ತೊಟ್ಟಿಗೆ ಕೊಡುವುದು ಒಂದು ದಾರಿ. ಮನೆಯಲ್ಲೇ ಆಗಬೇಕೆಂದರೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ತೋರಿಸಿಕೊಟ್ಟ ವಿಧಾನ ಇದೆ. ಬೇಕರಿಯವರು ಬಳಸುವ ಅಮೋನಿಯಂ ಬೈಕಾರ್ಬೊನೇಟ್ ಅನ್ನು ಮೂರ್ತಿಯ ತೂಕದಷ್ಟೇ ತಂದು, ಕಿಲೋಗೆ 6-8 ಲೀಟರ್ ಲೆಕ್ಕದಲ್ಲಿ ನೀರಿಗೆ ಕದಡಿ, ಮೇಲಿನ ಬಣ್ಣ ಆದಷ್ಟು ಕೆರೆದು ಮೂರ್ತಿ ಇಳಿಸಿ. ಎರಡು ಮೂರು ತಾಸಿಗೊಮ್ಮೆ ಕೋಲಿನಿಂದ ಕಲಕಬೇಕು, ಎರಡು ದಿನ ಹಿಡಿಯುತ್ತದೆ. ಜಿಪ್ಸಂ ಒಡೆದು ಸುಣ್ಣದಕಲ್ಲಿನ ಪುಡಿ ತಳಕ್ಕೆ, ಅಮೋನಿಯಂ ಸಲ್ಫೇಟ್ ನೀರಿಗೆ. ಅದು ರೈತರು ಹಾಕುವ ರಸಗೊಬ್ಬರವೇ. ಹತ್ತು ಪಟ್ಟು ನೀರು ಬೆರೆಸಿ ಹೂಗಿಡಕ್ಕೆ ಹಾಕಬಹುದು. ಬಣ್ಣದ ಲೋಹಾಂಶ ಇರಬಹುದಾದ್ದರಿಂದ ಕಾಯಿಪಲ್ಲೆಗೆ ಬೇಡ. ಘಾಟು ಜೋರು, ಅನಿಲವೂ ಏಳುತ್ತದೆ, ಹಾಗಾಗಿ ಬಯಲಲ್ಲಿ ಇಡಿ, ಮುಚ್ಚಳ ಬಿಗಿಯಬೇಡಿ.

ಉಳಿದದ್ದು ನಿರ್ಮಾಲ್ಯ. ಪತ್ರಿ, ಹೂವು, ಕರಕಿ, ಬಾಳೆದಿಂಡು. ದಾರ, ಜರಿ, ಪ್ಲಾಸ್ಟಿಕ್ ಮಣಿ ಬಿಡಿಸಿ, ದಿಂಡನ್ನು ಎರಡು ಬೆರಳು ಅಗಲಕ್ಕೆ ಹೆಚ್ಚಿ. ತಳಕ್ಕೂ ಬದಿಗೂ ತೂತು ಹಾಕಿದ ಹಳೆಯ ಬಕೆಟ್‌ನಲ್ಲಿ ಒಂದು ಪಾಲು ಹೂವಿಗೆ ಎರಡು ಪಾಲು ಒಣ ಎಲೆ ಪದರು ಪದರಾಗಿ ಹಾಕಿ, ನಡುವೆ ಒಂದೊಂದು ಹಿಡಿ ಹಳೆಯ ಗೊಬ್ಬರ ಉದುರಿಸಿ. ಹುಳಿವಾಸನೆ ಬಂದರೆ ಹಸಿ ಹೆಚ್ಚಾಗಿದೆ, ಒಣ ಎಲೆ ಸೇರಿಸಿ ತಿರುವಿ. ಏನೂ ಆಗದೆ ಹಾಗೇ ಕುಳಿತಿದ್ದರೆ ನೀರು ಚಿಮುಕಿಸಿ. ವಾರಕ್ಕೊಮ್ಮೆ ತಿರುವಿದರೆ ದೀಪಾವಳಿ ಹೊತ್ತಿಗೆ ಗೊಬ್ಬರ. ತೆಂಗಿನ ನಾರು ಅಷ್ಟರಲ್ಲಿ ಕೊಳೆಯುವುದಿಲ್ಲ, ಅದನ್ನು ಬೇರೆ ಇಟ್ಟು ಪಾತ್ರೆ ಉಜ್ಜಲು ಬಳಸಿ. ಕಡುಬು, ಕರ್ಚಿಕಾಯಿ ಇದರೊಳಗೆ ಹಾಕಬೇಡಿ. ಎಣ್ಣೆ ಸಿಹಿಗೆ ಇಲಿ ಬರುತ್ತದೆ, ಮತ್ತು ಹಬ್ಬದ ಕಡುಬು ಉಳಿಯುವಷ್ಟು ಮಾಡುವುದೇ ತಪ್ಪು.